ಕೇಳಿದರೆ ಮಾತ್ರ ಔಟು

ನಮ್ಮಣ್ಣ ಜೀವಮಾನದಲ್ಲಿ ಒಂದು ಆಟವನ್ನೂ ಗೆದ್ದವನಲ್ಲ, ಒಂದು ಆಟವನ್ನೂ ಸೋತವನಲ್ಲ. ಆದರೂ ಅಮೆರಿಕದಲ್ಲಿ ನಾವಿರುವ ಫ್ರೀಮಾಂಟಿನ ಅರ್ಧದಷ್ಟು ಅಪ್ಪ-ಅಮ್ಮಂದಿರು ಅವನ ಹೆಸರೆತ್ತಿದರೆ ಹಲ್ಲು ಕಡಿಯುತ್ತಾರೆ. ಇದು ಹೇಗೆ ಸಾಧ್ಯ ಎನ್ನುತ್ತೀರಾ? ಅಂಪೈರ್ ಆದರೆ ಸಾಧ್ಯ! ಅದೂ ಯಾರೂ ಕೈಮುಗಿದು ಕರೆಯದಿದ್ದರೂ ಹೋಗಿ ನಿಂತ, ಮಕ್ಕಳ ಬೇಸ್‌ಬಾಲಿನ ಅಂಪೈರ್.

ಅಣ್ಣ ರೆಡ್‌ವುಡ್ ಸಿಟಿಯಲ್ಲಿ ಇಪ್ಪತ್ತು ವರ್ಷ ಸಾಫ್ಟ್‌ವೇರ್ ಕೆಲಸದಲ್ಲಿದ್ದ. ಪ್ರೋಗ್ರಾಮು ಬರೆಯುವ ಕೆಲಸವಲ್ಲ, ಬೇರೆಯವರು ಬರೆದದ್ದರಲ್ಲಿ ತಪ್ಪು ಹುಡುಕುವ ಕೆಲಸ. ಅಂಥ ಮನುಷ್ಯ ನಿವೃತ್ತನಾದ ಮೇಲೆ ಸುಮ್ಮನೆ ಕೂರುತ್ತಾನೆಯೇ? ಮನೆಯಲ್ಲಿ ತಪ್ಪು ಹುಡುಕತೊಡಗಿದ. ಡಿಶ್‌ವಾಶರಿನಲ್ಲಿ ಚಮಚಗಳು ಯಾವ ಕಡೆ ಮುಖ ಮಾಡಿರಬೇಕು ಎಂಬುದಕ್ಕೂ ಒಂದು ನಿಯಮ ಹುಡುಕಿದ. ಮೂರನೆಯ ವಾರ ಅತ್ತಿಗೆಯೇ ಅವನನ್ನು ಕಾರಿನಲ್ಲಿ ಕೂರಿಸಿಕೊಂಡು ಹೋಗಿ ಮೈದಾನದಲ್ಲಿ ಇಳಿಸಿ ಬಂದರು. ಅಲ್ಲಿ ಅಂಪೈರುಗಳ ಕೊರತೆಯಿತ್ತು. ಹೀಗೆ ಒಂದು ಮನೆಯ ಶಾಂತಿಗಾಗಿ ಇಡೀ ಊರಿನ ಶಾಂತಿ ಹೋಯಿತು.

ನಾನು ಅವನ ತಂಗಿ. ಹುಬ್ಬಳ್ಳಿಯಲ್ಲಿ ಹತ್ತನೆಯ ಇಯತ್ತೆಯ ಗಣಿತದಲ್ಲಿ ಎರಡು ಸಲ ನಪಾಸಾಗಿ ಅಲ್ಲಿಗೇ ಬಿಟ್ಟವಳು. ಮದುವೆಯಾಗಿ ಇಲ್ಲಿಗೆ ಬಂದೆ. ಮನೆಯಲ್ಲಿ ಚಪಾತಿ, ರೊಟ್ಟಿ ಮಾಡಿ ಕನ್ನಡದ ಮನೆಗಳಿಗೆ ಕೊಡುತ್ತೇನೆ. ನಿಯಮಗಳಿಗೂ ನನಗೂ ಯಾವತ್ತೂ ಹೊಂದಿಬಂದಿಲ್ಲ. ಅಣ್ಣನ ಪಾಲಿಗಾದರೋ ನಿಯಮವೇ ದೇವರು. ಇದನ್ನು ಅಲಂಕಾರಕ್ಕೆ ಹೇಳುತ್ತಿಲ್ಲ. ಅವನ ಬೇಸ್‌ಬಾಲ್ ನಿಯಮದ ಪುಸ್ತಕ ನಮ್ಮ ಅಪ್ಪನ ಜರಿ ಶಲ್ಯದಲ್ಲಿ ಸುತ್ತಿಕೊಂಡು ದೇವರ ಗೂಡಿನಲ್ಲಿಯೇ ಇರುತ್ತದೆ. ಆಯುಧ ಪೂಜೆಯ ದಿನ ಬೇರೆಯವರು ಕಾರಿಗೂ ಲ್ಯಾಪ್‌ಟಾಪಿಗೂ ಕುಂಕುಮ ಹಚ್ಚಿದರೆ, ಇವನು ತನ್ನ ಮುಖದ ಜಾಲರಿಗೆ, ಧೂಳು ಹೊಡೆಯುವ ಬ್ರಶ್ಶಿಗೆ, ಮತ್ತು ಒಂದು ಕ್ಲಿಕ್ಕರಿಗೆ ಹಚ್ಚುತ್ತಾನೆ. ಕ್ಲಿಕ್ಕರೆಂದರೆ ಅಂಗೈಯಲ್ಲಿ ಹಿಡಿಯುವ ಪುಟ್ಟ ಡಬ್ಬಿ. ಎಷ್ಟು ಬಾಲು, ಎಷ್ಟು ಸ್ಟ್ರೈಕು, ಎಷ್ಟು ಔಟು ಎಂದು ಲೆಕ್ಕವಿಡಲು ಅದರಲ್ಲಿ ಹಲ್ಲಿನ ಚಕ್ರಗಳಿವೆ. ತಿರುಗಿಸಿದಾಗೆಲ್ಲ ಟಿಕ್ ಎನ್ನುತ್ತದೆ. ಆ ಟಿಕ್ ಕೇಳಿಸಿದರೆ ಮನೆಯಲ್ಲಿ ನಾವೆಲ್ಲ ಯಾರು ಔಟಾದೆವೋ ಎಂದು ಬೆಚ್ಚಿಬೀಳುತ್ತೇವೆ.

ನನಗೆ ಕಾರು ಕಲಿಸಿದವನೂ ಇವನೇ. ಮೊದಲ ಒಂದು ತಿಂಗಳು ಭಾನುವಾರದ ಖಾಲಿ ಪಾರ್ಕಿಂಗ್ ಲಾಟಿನಲ್ಲಿ ಸ್ಟಾಪ್ ಸೈನು ಬಂದಾಗಲೆಲ್ಲ ಮೂರು ಸೆಕೆಂಡು ನಿಲ್ಲಿಸಿದ. ಮೂರಾಗುವ ಮುಂಚೆ ಕಾಲೆತ್ತಿದರೆ ತಿರುಗಿ ಹಿಂದಕ್ಕೆ ಹೋಗಿ ಮತ್ತೆ ಬರಬೇಕು. ಎಡಕ್ಕೆ ಕಾರಿಲ್ಲ, ಬಲಕ್ಕೆ ಕಾರಿಲ್ಲ, ಸುತ್ತ ಒಂದು ಕಾಗೆಯೂ ಇಲ್ಲ! ಯಾರಿಗಾಗಿ ನಿಲ್ಲಲಿ ಎಂದು ಕೇಳಿದೆ. "ಸೈನಿಗಾಗಿ" ಎಂದ. ನನ್ನ ಗಂಡನಂತೂ ಹಿಂದಿನ ಸೀಟಿನಲ್ಲಿ ಕುಳಿತೇ ನಿದ್ದೆ ಹೋಗಿಬಿಟ್ಟಿದ್ದ. ಲೈಸೆನ್ಸು ಮೊದಲ ಸಲಕ್ಕೇ ಬಂತು ಎಂಬುದು ಬೇರೆ ಮಾತು. ಅದನ್ನು ನಾನು ಎಲ್ಲಿಯೂ ಹೇಳುವುದಿಲ್ಲ.

ಸರಟೋಗಾದಲ್ಲಿ ನಮ್ಮ ಪರಿಚಯದವರ ಗೃಹಪ್ರವೇಶವಿತ್ತು. ಸತ್ಯನಾರಾಯಣ ಪೂಜೆ ನಡೆಯುತ್ತಿತ್ತು. ಪಕ್ಕದಲ್ಲಿದ್ದ ಒಬ್ಬ ಹಿರಿಯರು, ಬೇರೇನೂ ಮಾತು ತೋಚದೆ, ಈ ಬೇಸ್‌ಬಾಲಿನಲ್ಲಿ ಚೆಂಡು ಹಿಡಿಯದೆಯೇ ಔಟು ಕೊಡುತ್ತಾರಂತಲ್ಲ ಎಂದರು. ಪಾಪ, ಅವರಿಗೇನು ಗೊತ್ತು! ಅಣ್ಣ ಪ್ರಸಾದದ ತಟ್ಟೆಯಲ್ಲಿ ಎರಡು ಬಾಳೆಹಣ್ಣು ಅಡ್ಡವಿಟ್ಟು ಇವರಿಬ್ಬರು ಓಡುವವರು ಎಂದ. ಚೆಂಡು ಮೇಲಕ್ಕೆ ಹೋಯಿತು, ಸುಲಭದ ಕ್ಯಾಚು. ಆದರೆ ಹಿಡಿಯುವವನು ಬೇಕೆಂದೇ ಕೈಬಿಟ್ಟು, ಓಡುವವರನ್ನು ಗಲಿಬಿಲಿ ಮಾಡಿ, ಒಂದರ ಬದಲು ಎರಡು ಔಟು ಹೊಡೆಯಬಹುದು. ಆ ಮೋಸ ನಡೆಯಬಾರದೆಂದು ಚೆಂಡು ಇನ್ನೂ ಗಾಳಿಯಲ್ಲಿರುವಾಗಲೇ ಅಂಪೈರು ಔಟು ಕೊಟ್ಟುಬಿಡುತ್ತಾನೆ. ಇಷ್ಟನ್ನು ಬಾಯಲ್ಲಿ ಹೇಳಿದ್ದರೆ ಸಾಕಾಗಿತ್ತು. ಅವನು ಒಂದು ಬೂಂದಿ ಲಾಡನ್ನು ಮೇಲಕ್ಕೆ ಎಸೆದು ತೋರಿಸಿದ. ಲಾಡು ನೇರವಾಗಿ ಪಂಚಾಮೃತದ ಪಾತ್ರೆಗೆ ಬಿತ್ತು. ಭಟ್ಟರು ಮಂತ್ರ ನಿಲ್ಲಿಸಲಿಲ್ಲ, ಪಾತ್ರೆಯನ್ನು ಮಾತ್ರ ಆಚೆ ಸರಿಸಿದರು. ಊಟವಾದ ಮೇಲೆ ನನ್ನ ಹತ್ತಿರ ಬಂದು ಮೆತ್ತಗೆ ಹೇಳಿದರು:

"ಮುಂದಿನ ಪೂಜಿಗೆ ನಿಮ್ಮಣ್ಣಾರನ್ನ ಸ್ವಲ್ಪ ಔಟ್‌ಫೀಲ್ಡಿನ್ಯಾಗ ಕೂಡಸ್ರಿ."

ಇನ್ನೊಂದು ಸಲ ಆಟದಲ್ಲಿ ಒಬ್ಬ ಹುಡುಗ ಉರುಳಿ ಹೋಗುತ್ತಿದ್ದ ಚೆಂಡಿನ ಮೇಲೆ ತನ್ನ ಟೋಪಿ ಎಸೆದು ನಿಲ್ಲಿಸಿದ. ಎಲ್ಲರೂ ನಕ್ಕರು. ಅಣ್ಣ ನಗಲಿಲ್ಲ. ಟೋಪಿ ಎಸೆದು ಚೆಂಡು ನಿಲ್ಲಿಸಿದರೆ ದಂಡವಾಗಿ ಎದುರು ಪಕ್ಷದವನಿಗೆ ಮೂರು ಬೇಸು ಬಿಟ್ಟಿ ಕೊಡಬೇಕಂತೆ, ಕೊಟ್ಟುಬಿಟ್ಟ. ಬೆಂಗಳೂರಿನಿಂದ ಮಗಳ ಮನೆಗೆ ಬಂದಿದ್ದ ಆ ಹುಡುಗನ ಅಜ್ಜಿ ಸೀದಾ ಮೈದಾನದೊಳಕ್ಕೆ ನಡೆದು ಬಂದರು.

"ಏನ್ರೀ ಇದು, ಮಗು ಬುದ್ಧಿ ಉಪಯೋಗಿಸಿದ್ರೆ ಶಿಕ್ಷೆ ಕೊಡ್ತೀರಾ?"

"ಬುದ್ಧಿ ಅಲ್ರೀ ಅಜ್ಜಿ, ಟೋಪಿ ಉಪಯೋಗಿಸ್ಯಾನ."

ಅಜ್ಜಿ ಊರಿಗೆ ಮರಳುವ ತನಕ ನನ್ನಿಂದ ಚಪಾತಿ ತರಿಸಿಕೊಳ್ಳಲಿಲ್ಲ.

ಆದರೆ ನಾನು ಹೇಳಹೊರಟಿರುವ ಕಥೆಗೆ ಬೇಕಾದ ನಿಯಮ ಇವೆರಡೂ ಅಲ್ಲ. ಅದನ್ನು ಅವನು ನನ್ನ ಅಡುಗೆಮನೆಯಲ್ಲಿ, ಒಂದರ ಮೇಲೊಂದು ಚಪಾತಿ ತಿನ್ನುತ್ತ ವಿವರಿಸಿದ್ದ. ಓಡುವವನು ಬೇಸುಗಳನ್ನು, ಅಂದರೆ ನೆಲಕ್ಕೆ ಬಡಿದ ಆ ಬಿಳಿಯ ದಿಂಬುಗಳನ್ನು, ಒಂದಾದ ಮೇಲೊಂದು ಮುಟ್ಟಿಕೊಂಡೇ ಹೋಗಬೇಕು. ಒಂದನ್ನು ಮುಟ್ಟದೆ ಹಾರಿ ಹೋದ ಎನ್ನಿ. ಅಂಪೈರು ಅದನ್ನು ಕಂಡಿದ್ದಾನೆ. ಆದರೂ ಬಾಯಿ ಬಿಡುವ ಹಾಗಿಲ್ಲ! ಎದುರು ಪಕ್ಷದವರು ಚೆಂಡನ್ನು ಆ ಬೇಸಿಗೆ ತಂದು, ಇವನು ಮುಟ್ಟಿಲ್ಲ ಎಂದು ಕೇಳಬೇಕು. ಕೇಳಿದರೆ ಔಟು. ಕೇಳದೆ ಮುಂದಿನ ಚೆಂಡು ಎಸೆದುಬಿಟ್ಟರೆ, ಅಲ್ಲಿಗೆ ಮುಗಿಯಿತು. ಮುಟ್ಟದ ಬೇಸು ಮುಟ್ಟಿದಂತೆಯೇ ಲೆಕ್ಕ.

"ಕಂಡೂ ಸುಮ್ಮನಿರೂದು ಯಾ ಸೀಮಿ ನ್ಯಾಯ?" ಎಂದೆ.

"ಕಂಡದ್ದನ್ನೆಲ್ಲ ಹೇಳಿಕೋತ ಹೋಗೂದು ಅಂಪೈರನ ಕೆಲಸಲ್ಲ, ತಂಗಿ. ಕೇಳಿದ್ರ ಹೇಳಬೇಕು."

"ಹಂಗಾದ್ರ ಚಪಾತಿ ದುಂಡಗಿಲ್ಲ ಅಂತ ಯಾಕ ಹೇಳಿದಿ? ನಾ ಕೇಳಿದ್ನೇನು?"

ಅವನು ಸ್ವಲ್ಪ ಯೋಚಿಸಿ, ಅದು ನಿಜ, ತನ್ನದು ತಪ್ಪಾಯಿತು ಎಂದ. ಅವನ ಜೀವನದಲ್ಲಿ ತಪ್ಪಾಯಿತು ಎಂದದ್ದು ಅದೊಂದೇ ಸಲ ಎಂದು ಕಾಣುತ್ತದೆ.

ಈಗ ಆ ಶನಿವಾರಕ್ಕೆ ಬರುತ್ತೇನೆ. ನನ್ನ ಮಗಳಿಗೆ ಆಗ ಹನ್ನೊಂದು ವರ್ಷ. ಅವಳ ತಂಡದಲ್ಲಿ ಅವಳೊಬ್ಬಳೇ ಹುಡುಗಿ. ಸೀಸನ್ನಿನ ಹೆಚ್ಚಿನ ಭಾಗ ಬೆಂಚಿನ ಮೇಲೆ ಕುಳಿತು ಸೂರ್ಯಕಾಂತಿ ಬೀಜ ತಿಂದವಳು. ಅವತ್ತು ವಾಲ್ನಟ್ ಕ್ರೀಕಿನ ತಂಡದ ಮೇಲೆ ಗೆದ್ದರೆ ಟೂರ್ನಮೆಂಟಿಗೆ ಹೋಗಬಹುದಿತ್ತು. ಬರಬೇಕಿದ್ದ ಅಂಪೈರಿಗೆ ಜ್ವರ. ಸೋದರಮಾವನಾದರೂ ಪರವಾಗಿಲ್ಲ, ಅವನೇ ನಿಲ್ಲಲಿ ಎಂದು ಎರಡೂ ಕಡೆಯ ಕೋಚುಗಳು ಒಪ್ಪಿದರು. ಸೋದರ ಸೊಸೆಯ ಕಡೆ ವಾಲುತ್ತಾನೆ ಎಂಬ ಹೆದರಿಕೆ ಅವನನ್ನು ಬಲ್ಲ ಯಾರಿಗೂ ಇರಲಿಲ್ಲ. ನನಗೆ ಮಾತ್ರ ಒಂದು ಆಸೆಯಿತ್ತು, ಸುಳ್ಳೇಕೆ ಹೇಳಲಿ.

ಕೊನೆಯ ಇನ್ನಿಂಗ್ಸು. ಎರಡೂ ಕಡೆ ಸಮ ಅಂಕ. ಮೊದಲು ಬ್ಯಾಟು ಬೀಸುವ ಸರದಿ ನಮ್ಮವರದು, ಎರಡು ಔಟಾಗಿತ್ತು, ಮೂರನೆಯದಾದರೆ ಸರದಿ ಮುಗಿಯಿತು. ಮಗಳು ಹೋಗಿ ನಿಂತಳು. ಎರಡನೆಯ ಚೆಂಡಿಗೇ ಬೀಸಿದಳು ನೋಡಿ, ಚೆಂಡು ಎಲ್ಲರ ತಲೆಯ ಮೇಲಿಂದ ಹೋಗಿ ದೂರದ ಬೇಲಿಗೆ ಬಡಿಯಿತು! ನಾನು ಸೆಕೆಂಡ್ ಬೇಸಿನ ಎದುರಿನ ಬೇಲಿಗೆ ಅಂಟಿಕೊಂಡು ಫೋನಿನಲ್ಲಿ ವಿಡಿಯೋ ಹಿಡಿಯುತ್ತಿದ್ದೆ. ಅಣ್ಣ ಮುಖದ ಜಾಲರಿ ಕಿತ್ತೆಸೆದು, ಹೊಟ್ಟೆ ಕುಣಿಸುತ್ತ ಮೈದಾನದ ನಡುವಿಗೆ ಓಡಿಬಂದು, ಅವಳ ಮುಖ ನೋಡದೆ ಬರೀ ಕಾಲು ನೋಡುತ್ತಿದ್ದ. ಅವಳು ಫಸ್ಟು, ಸೆಕೆಂಡು, ಥರ್ಡು ಎಲ್ಲ ಸುತ್ತಿ, ಧೂಳೆಬ್ಬಿಸಿ ಜಾರಿ, ಹೊರಟಲ್ಲಿಗೇ, ಅಂದರೆ ಹೋಮಿಗೆ, ಬಂದು ಮುಟ್ಟಿದಳು. ಸೀಸನ್ನೆಲ್ಲ ಬೆಂಚಿನಲ್ಲಿ ಕೂರಿಸಿದವರೇ ಅವಳನ್ನು ಎತ್ತಿಕೊಂಡು ಕುಣಿದರು.

ಅಣ್ಣ ಏನೂ ಹೇಳಲಿಲ್ಲ. ಜಾಲರಿ ಹಾಕಿಕೊಂಡ. ಬಗ್ಗಿ ಬ್ರಶ್ಶಿನಿಂದ ಹೋಮಿನ ಮೇಲಿನ ಧೂಳು ಹೊಡೆದ. ಸಂತೋಷವನ್ನು ಮುಚ್ಚಿಕೊಳ್ಳುತ್ತಿದ್ದಾನೆ ಎಂದುಕೊಂಡೆ. ನಮ್ಮ ಮುಂದಿನ ಹುಡುಗ ಬ್ಯಾಟು ಹಿಡಿದು ನಿಂತ. ಚೆಂಡೆಸೆಯುವವನು ಕೈಗೆ ಚೆಂಡು ತೆಗೆದುಕೊಂಡ. ಅಷ್ಟರಲ್ಲಿ ಅವರ ಕಡೆಯ ಒಬ್ಬ ಪುಟ್ಟ ಹುಡುಗ ಏನೋ ಕೂಗಿದ. ಎಸೆಯುವವನು ತಿರುಗಿ ಚೆಂಡನ್ನು ಸೆಕೆಂಡ್ ಬೇಸಿಗೆ ಎಸೆದ. ಅಲ್ಲಿದ್ದವನು ಬೇಸು ತುಳಿದು ಅಣ್ಣನ ಮುಖ ನೋಡಿದ.

ಅಣ್ಣನ ಮುಷ್ಟಿ ಮೇಲಕ್ಕೆ ಹೋಯಿತು. ಔಟ್.

ಮಗಳ ಓಟ ಅಳಿಸಿಹೋಯಿತು. ಅವರು ತಮ್ಮ ಸರದಿಯಲ್ಲಿ ಒಂದು ಅಂಕ ಗಳಿಸಿ ಗೆದ್ದರು. ನಮ್ಮ ಕಡೆಯವರು ಅಣ್ಣನನ್ನು ಸುತ್ತುಗಟ್ಟಿದರು. ಅಷ್ಟು ದೂರದಿಂದ ಹೇಗೆ ಕಂಡಿತು? ಕಂಡಿದ್ದರೆ ಮೊದಲೇ ಏಕೆ ಹೇಳಲಿಲ್ಲ? ಬೇಕೆಂದೇ ಧೂಳು ಹೊಡೆಯುತ್ತ ಅವರಿಗೆ ಯೋಚಿಸಲು ಹೊತ್ತು ಕೊಟ್ಟೆಯಾ? ಪಕ್ಷಪಾತಿಯಲ್ಲ ಎಂದು ತೋರಿಸಿಕೊಳ್ಳಲು ತಂಗಿಯ ಮಗಳನ್ನು ಬಲಿ ಕೊಟ್ಟೆಯಾ? ಎಲ್ಲಕ್ಕೂ ಅವನು ನಿಯಮದ ಸಂಖ್ಯೆ ಹೇಳಿದ. ಸಿಟ್ಟಿನಲ್ಲಿರುವ ತಾಯಂದಿರಿಗೆ ಸಂಖ್ಯೆ ಹೇಳುವ ಗಂಡಸನ್ನು ಯಾವ ದೇವರು ಕಾಪಾಡಿಯಾನು?

ಮನೆಗೆ ಬಂದು ನಾನೂ ಮಗಳೂ ವಿಡಿಯೋ ನೋಡಿದೆವು. ನಿಧಾನ ಮಾಡಿ ನೋಡಿದೆವು. ಸೆಕೆಂಡ್ ಬೇಸಿನ ಒಳಗಡೆ, ಒಂದು ಗೇಣು ಈಚೆಗೆ, ಅವಳ ಬೂಟು ಮಣ್ಣಿನ ಮೇಲೆ ಬಿದ್ದಿತ್ತು. ಬೇಸು ತನ್ನ ಪಾಡಿಗೆ ಬೆಳ್ಳಗೆ ಕುಳಿತಿತ್ತು.

"ಐ ನ್ಯೂ ಇಟ್, ಅಮ್ಮಾ," ಎಂದಳು ಮಗಳು. "ಮಾಮಾ ವಾಸ್ ರೈಟ್."

ಮಾಮನಿಗೆ ಹೇಳಬೇಡ ಎಂದೆ. ವೈ ಎಂದು ಕೇಳಿದಳು. ಬೂಟು ಬಿಚ್ಚಿ ಊಟಕ್ಕೆ ಬಾ ಎಂದೆ.

ಮಂಗಳವಾರ ತಂಡದ ತಾಯಿಯೊಬ್ಬರು ಆಟದ ಕಮಿಟಿಗೆ ದೂರು ಬರೆದುಕೊಂಡು ನಮ್ಮ ಮನೆಗೆ ಬಂದರು. ಈ ಮನುಷ್ಯ ಕಾಣದ್ದನ್ನು ಕಂಡೆನೆಂದು ಹೇಳಿದ್ದಾನೆ, ಇವನನ್ನು ಅಂಪೈರುಗಳ ಪಟ್ಟಿಯಿಂದ ತೆಗೆಯಬೇಕು ಎಂದಿತ್ತು. ಅಣ್ಣನ ಸ್ವಂತ ತಂಗಿಯೇ ಸಹಿ ಮಾಡಿದರೆ ದ್ವೇಷದಿಂದ ಬರೆದದ್ದು ಎಂದು ಯಾರೂ ಅನ್ನುವಂತಿಲ್ಲ ಎಂದರು ಆಕೆ. ಇಂಗ್ಲಿಷು ಓದಲು ಬರುವುದಿಲ್ಲ, ಏನಿದೆ ಎಂದು ತಿಳಿಯದೆ ಸಹಿ ಮಾಡಿದೆ ಎಂದು ನಾನು ಹೇಳಿದರೆ ನಂಬುವವರಿದ್ದಾರೆ. ಆದರೆ ಅಷ್ಟು ಓದಲು ನನಗೆ ಬರುತ್ತದೆ. ಅಣ್ಣನೇ ಕಲಿಸಿದ್ದು. ಓದಿದೆ, ತಿಳಿಯಿತು, ಸಹಿ ಮಾಡಿದೆ. ಆಮೇಲೆ ಕಮಿಟಿಯವರು ಯಾರ ಬಳಿಯಾದರೂ ವಿಡಿಯೋ ಇದ್ದರೆ ಕಳಿಸಿ ಎಂದು ಎಲ್ಲ ಮನೆಗೂ ಕೇಳಿ ಕಳಿಸಿದರು. ನಾನು ಕಳಿಸಲಿಲ್ಲ. ಅಳಿಸಲೂ ಇಲ್ಲ.

ಏಕೆ ಹೀಗೆ ಮಾಡಿದೆ? ಮಗಳ ಕಣ್ಣೀರು ನೋಡಿ ಎಂದರೆ ಚೆನ್ನಾಗಿರುತ್ತದೆ. ಆದರೆ ಮಗಳು ಅಳಲೇ ಇಲ್ಲವಲ್ಲ! ನಿಜ ಹೇಳಬೇಕೆಂದರೆ, ಹುಟ್ಟಿದಾಗಿನಿಂದ ಅವನೇ ಸರಿ. ಅವನು ಪಾಸು, ನಾನು ನಪಾಸು. ನನ್ನ ಅರ್ಜಿಗಳನ್ನು ತಿದ್ದುವವನು ಅವನು, ನನ್ನ ಬ್ರೇಕು ತಿದ್ದುವವನು ಅವನು, ನನ್ನ ಚಪಾತಿ ತಿದ್ದುವವನೂ ಅವನೇ. ಒಂದು ಸಲ, ಒಂದೇ ಒಂದು ಸಲ ಅವನು ತಪ್ಪಾಗಿರಲಿ ಎಂದು ನನಗೆ ಆಸೆಯಿತ್ತು. ಆ ವಿಡಿಯೋದಲ್ಲಿಯೂ ಅವನೇ ಸರಿ. ಅದಕ್ಕೇ ಸಿಟ್ಟು ಇನ್ನೂ ಏರಿತು.

ಅವನನ್ನು ಪಟ್ಟಿಯಿಂದ ತೆಗೆದರು. ಮೈದಾನದಿಂದ ಕೊಟ್ಟಿದ್ದ ಎದೆಗವಚವನ್ನು ಅವನು ಒಗೆದು, ಒಣಗಿಸಿ, ಮಡಿಸಲು ಬರದ ಆ ವಸ್ತುವನ್ನು ಹೇಗೋ ಮಡಿಸಿ ವಾಪಸು ಕೊಟ್ಟ.

ನಾನು ಸುಮ್ಮನಿದ್ದೆನೇ? ಮೇಲೆ ನೀವು ಓದಿದ ಲಾಡಿನ ಕಥೆ, ಟೋಪಿಯ ಕಥೆ, ಸ್ಟಾಪ್ ಸೈನಿನ ಕಥೆ, ಇವನ್ನೆಲ್ಲ ಎರಡು ವರ್ಷ, ಮನೆಮನೆಯಿಂದ ಅಡುಗೆ ತಂದು ಕೂಡಿ ಉಣ್ಣುವ ಒಂದು ಪಾಟ್‌ಲಕ್ಕನ್ನೂ ಬಿಡದೆ ಹೇಳಿದ್ದೇನೆ. ಕೈ ಬಾಯಿ ಆಡಿಸಿ ಚೆನ್ನಾಗಿಯೇ ಹೇಳುತ್ತೇನೆ, ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಇಂಥ ಅರೆಮರುಳು ಮನುಷ್ಯ ಅವತ್ತೂ ತಪ್ಪು ಮಾಡಿಯೇ ಇರುತ್ತಾನೆ ಎಂದು ಎಲ್ಲರೂ ನಂಬಲಿ ಎಂದೇ ಹೇಳುತ್ತಿದ್ದೆ. ಹೇಳಿ ಹೇಳಿ ನಾನೂ ಅರ್ಧ ನಂಬಿದ್ದೆ.

ಶನಿವಾರ ಬಂದರೆ ಅಣ್ಣ ಈಗಲೂ ಮೈದಾನಕ್ಕೆ ಹೋಗುತ್ತಾನೆ. ದೂರದ ಬೇಲಿಯಾಚೆ, ಕಸದ ಡಬ್ಬಿಯ ಪಕ್ಕದಲ್ಲಿ ನಿಲ್ಲುತ್ತಾನೆ. ಕೈ ಎರಡೂ ಜಾಕೆಟ್ಟಿನ ಜೇಬಿನಲ್ಲಿ. ಕಳೆದ ತಿಂಗಳು ಊಟದ ಡಬ್ಬಿ ಕೊಡಲು ಹೋಗಿ ಪಕ್ಕದಲ್ಲಿ ನಿಂತೆ. ಜೇಬಿನೊಳಗಿಂದ ಟಿಕ್, ಟಿಕ್ ಎನ್ನುತ್ತಿತ್ತು. ಯಾರೂ ಕೇಳದ ಆಟಕ್ಕೆ ಬಾಲು, ಸ್ಟ್ರೈಕು ಎಣಿಸುತ್ತ ನಿಂತಿದ್ದ! ಅಷ್ಟರಲ್ಲಿ ಒಬ್ಬ ಹುಡುಗ ಬೇಸಿಗೆ ಜಾರಿ ಬಂದ. ಟಿಕ್, ಔಟು ಎಂದಿತು ಜೇಬು. ಮೈದಾನದ ಹೊಸ ಅಂಪೈರು ಎರಡೂ ಕೈ ಅಡ್ಡಕ್ಕೆ ಚಾಚಿ ಸೇಫ್, ಅಂದರೆ ಔಟಲ್ಲ, ಎಂದ. ಔಟೆಂದು ನನಗೂ ಕಂಡಿತ್ತು. ಅವನು ತಪ್ಪು ಕೊಟ್ಟನಲ್ಲ ಎಂದೆ.

"ಅಂಪೈರ್ ಸೇಫ್ ಅಂದಾನ. ಹಂಗಾರ ಸೇಫ್," ಎಂದು ಅಣ್ಣ ಚಕ್ರವನ್ನು ಹಿಂದಕ್ಕೆ ತಿರುಗಿಸಿದ. ಟಿಕ್.

ಆ ಒಂದು ಟಿಕ್ ನನಗೆ ತಡೆಯಲಾಗಲಿಲ್ಲ. ಮರುದಿನ ಬೆಳಗ್ಗೆ ವಿಡಿಯೋವನ್ನು ಕಮಿಟಿಗೆ ಕಳಿಸಿದೆ. ಎರಡು ವರ್ಷ ಇದು ನನ್ನ ಹತ್ತಿರವೇ ಇತ್ತು, ನಾನೇ ಮುಚ್ಚಿಟ್ಟಿದ್ದೆ ಎಂದು ನನಗೆ ಬಂದ ಇಂಗ್ಲಿಷಿನಲ್ಲಿ ಬರೆದೆ. ತಿದ್ದಿಸಲು ಯಾರ ಬಳಿ ಹೋಗಲಿ? ತಿದ್ದುವವನೇ ಅವನು.

ಮಧ್ಯಾಹ್ನ ಊಟಕ್ಕೆ ಬಂದವನ ತಟ್ಟೆಯ ಪಕ್ಕದಲ್ಲಿ ಫೋನಿಟ್ಟೆ. ಅವನು ಕನ್ನಡಕ ಹಾಕಿಕೊಂಡು ಒಂದು ಸಲ ನೋಡಿದ. ಮೆಚ್ಚಿಕೊಂಡವನಂತೆ ತಲೆಯಾಡಿಸಿದ. ಕಮಿಟಿಗೆ ಕಳಿಸಿದ್ದೇನೆ ಎಂದೆ. ಆ ಮನುಷ್ಯ ಏನು ಹೇಳಿರಬಹುದು? ಆಕ್ಷೇಪಣೆ ಕಳಿಸುವ ಅವಧಿ ಎಂದೋ ಮುಗಿದಿದೆ, ನಿಯಮದ ಪ್ರಕಾರ ಅವರು ಇದನ್ನು ತೆರೆದೂ ನೋಡಬಾರದು ಎಂದ! ತನ್ನ ಕಡೆಗೇ ಬಂದ ನ್ಯಾಯವನ್ನು ತಡವಾಯಿತೆಂದು ಬಾಗಿಲಲ್ಲೇ ತಡೆಯುವವನನ್ನು ನೀವು ಎಲ್ಲಾದರೂ ನೋಡಿದ್ದೀರಾ?

"ನಿನ್ನ ರೂಲಿಗೆ ಬೆಂಕಿ ಹತ್ತಲಿ," ಎಂದೆ. "ಇದು ನನ್ನ ಹತ್ರ ಇತ್ತಣ್ಣಾ. ನಾ ಕೊಡಲಿಲ್ಲ. ದೂರಿಗೆ ಸಹೀನೂ ಮಾಡೀನಿ."

"ಗೊತ್ತದ."

"ಏನ್ ಗೊತ್ತದ?"

"ಸಹಿ ನೋಡೀನಿ, ಕಮಿಟ್ಯಾವರು ತೋರಿಸಿದ್ರು. ವಿಡಿಯೋನೂ ಗೊತ್ತಿತ್ತು. ಸೆಕೆಂಡ್ ಬೇಸಿನ ಎದುರಿಗೇ ಫೋನ್ ಹಿಡಕೊಂಡು ನಿಂತಿದ್ದಿ. ನಾ ಅವತ್ತ ಎಲ್ಲಾ ಬೇಸೂ ನೋಡ್ಲಿಕ್ಕತ್ತಿದ್ದೆ."

"ಮತ್ತ ಎರಡು ವರ್ಷ ಯಾಕ ಬಾಯಿ ಬಿಡಲಿಲ್ಲ?"

ಅವನು ಚಪಾತಿ ಮುರಿದು ಪಲ್ಯಕ್ಕೆ ಹಚ್ಚಿದ. "ಯಾರೂ ಕೇಳಲಿಲ್ಲಲ್ಲ."

ನಾನು ಒಲೆಯ ಕಡೆ ತಿರುಗಿ ನಿಂತೆ. ಹಂಚಿನ ಮೇಲಿದ್ದದ್ದು ಕರಟುತ್ತಿತ್ತು, ತೆಗೆಯಲು ಕೈ ಬರಲಿಲ್ಲ. ಬೆನ್ನು ಹಾಕಿಕೊಂಡೇ, ಈಗ ನಾನೇ ಕೇಳುತ್ತಿದ್ದೇನೆ, ನಾನು ಬೇಸು ಮುಟ್ಟಿಲ್ಲ, ಏನು ಕೊಡುವುದಿದೆಯೋ ಕೊಟ್ಟುಬಿಡು ಎಂದೆ.

ಕುರ್ಚಿ ಸರಿದ ಸಪ್ಪಳವಾಯಿತು. ತಿರುಗಿ ನೋಡಿದರೆ ಅವನು ಎದ್ದು ನಿಂತಿದ್ದ. ಮೈದಾನದಲ್ಲಿ ನಿಲ್ಲುವ ಹಾಗೆಯೇ, ಮೊಣಕಾಲು ಒಂದಿಷ್ಟು ಬಗ್ಗಿಸಿ.

"ತಡಾ ಆತು, ತಂಗಿ. ಆಮ್ಯಾಲೆ ಎಷ್ಟು ಬಾಲ್ ಬಿದ್ದಾವ. ಇನ್ನ ಅಪೀಲ್ ನಡಿಯಂಗಿಲ್ಲ."

ಎರಡೂ ಕೈ ಅಡ್ಡಕ್ಕೆ ಚಾಚಿದ. ಸೇಫ್. ಬಲಗೈಯಲ್ಲಿದ್ದ ಚಪಾತಿಯ ತುಂಡಿನಿಂದ ಪಲ್ಯ ನನ್ನ ಒರೆಸಿಟ್ಟ ನೆಲಕ್ಕೆ ಬಿತ್ತು. ಅದನ್ನು ನೋಡಿಯೂ ಅವನು ಕೈ ಇಳಿಸಲಿಲ್ಲ. ನಾನು ಕಣ್ಣೊರೆಸಿಕೊಂಡು, ಆಯಿತು, ಕಂಡಿತು ಎಂದು ತಲೆಯಾಡಿಸುವವರೆಗೂ ಹಾಗೇ ಚಾಚಿಕೊಂಡು ನಿಂತಿದ್ದ.